ಮೇಜಿನ ಕಡೆಗೆ ಎತ್ತಿದ ಕೈ

ಬಾಗಿಲು ತಳ್ಳಿದ ಕೂಡಲೇ ಅದೇ ವಾಸನೆ. ರಬ್ಬರ್ ಚೆಂಡು, ಮರದ ನೆಲಕ್ಕೆ ಹಚ್ಚಿದ ಪಾಲಿಶ್, ವರ್ಷಗಟ್ಟಲೆ ಒಳಗೇ ತಿರುಗುತ್ತಿರುವ ಎ.ಸಿ. ಗಾಳಿ. ಕಳೆದ ತಿಂಗಳು ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಬಹ್ರೈನಿನ ಈಸಾ ಟೌನಿನ ಆ ಹಳೆಯ ಹಾಲ್‌ಗೆ ಹೋಗಿದ್ದೆ. ಬೇರೊಂದು ಶಾಲೆಯ ಜೊತೆ ಬಾಸ್ಕೆಟ್‌ಬಾಲ್ ಪಂದ್ಯವಿತ್ತು. ನಾನು ಗಣಿತದ ಟೀಚರು. ಆದರೂ ಸ್ಕೋರ್ ಬರೆಯುವ ಹಾಳೆ ಎಲ್ಲೇ ಇದ್ದರೂ ಸುತ್ತಿ ಬಳಸಿ ನನ್ನ ಮುಂದೆಯೇ ಬಂದು ಬೀಳುತ್ತದೆ. ಅದಕ್ಕೆ ನಾನೇ ಕಾರಣ, ಯಾರ ಮೇಲೂ ದೂರಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಆ ಶಾಲೆಯ ಎರಡು ಜಡೆಯ ಹುಡುಗಿಯೊಬ್ಬಳು ನಮ್ಮವಳ ಕೈಗೆ ಹೊಡೆದಳು. ರೆಫರಿ ಸೀಟಿ ಊದಿದರು, ಫೌಲ್. ಸಾಮಾನ್ಯವಾಗಿ ಮಕ್ಕಳು ಇಂಥ ಹೊತ್ತಿನಲ್ಲಿ ಆಕಾಶ ನೋಡುತ್ತವೆ, ಇಲ್ಲವೇ ‘ನಾನಲ್ಲ’ ಎಂದು ರಾಗ ಎಳೆಯುತ್ತವೆ. ಈ ಹುಡುಗಿ ನನ್ನ ಮೇಜಿನ ಕಡೆ ತಿರುಗಿ, ಬಲಗೈ ನೆಟ್ಟಗೆ ಮೇಲೆತ್ತಿ, ನಾನು ಬರೆದುಕೊಳ್ಳುವವರೆಗೂ ಹಾಗೇ ನಿಂತಳು.

ಹಾಗೆ ಕೈ ಎತ್ತುವುದು ಬಹಳ ಹಿಂದಿನ ಪದ್ಧತಿ. ತಪ್ಪು ಯಾರದು ಎಂದು ಸ್ಕೋರ್ ಬರೆಯುವವರಿಗೆ ಗೊತ್ತಾಗಲಿ ಎಂದು ಆಟಗಾರರೇ ಕೈ ಎತ್ತಿ ತೋರಿಸುತ್ತಿದ್ದರಂತೆ. ಈಗ ಆ ನಿಯಮವಿಲ್ಲ, ರೆಫರಿ ಬೆರಳಿನಲ್ಲಿ ನಂಬರ್ ತೋರಿಸಿದರೆ ಮುಗಿಯಿತು. ನಿಯಮ ಹೋದ ಮೇಲೂ ಕೈ ಎತ್ತುತ್ತಿದ್ದವಳನ್ನು ನಾನು ಕಂಡದ್ದು ಒಬ್ಬಳನ್ನು ಮಾತ್ರ, ಇದೇ ಹಾಲ್‌ನಲ್ಲಿ, ಮೂರು ವರ್ಷದ ಹಿಂದೆ. ಆ ವರ್ಷದ ಋಣ ನನ್ನ ಮೇಲೆ ದೊಡ್ಡದಿದೆ.

ಆಗ ಇಲ್ಲಿ ಹೆಂಗಸರ ಬಾಸ್ಕೆಟ್‌ಬಾಲ್ ತಂಡವೊಂದಿತ್ತು. ಒಂದು ಕಂಪನಿ ಸಂಬಳ ಕೊಟ್ಟು ನಡೆಸುತ್ತಿದ್ದ ತಂಡ. ಅರ್ಧ ಜನ ಇಲ್ಲಿನವರು, ಅರ್ಧ ಜನ ಹೊರದೇಶದಿಂದ ಕರಾರಿನ ಮೇಲೆ ಬಂದವರು. ಅದರ ಸ್ಕೋರ್ ಬರೆಯುವ ಮೇಜಿಗೆ ನಾನು ಹೋಗಿ ಕೂತದ್ದು ನನ್ನ ಬಾಯಿಯ ದೆಸೆಯಿಂದ.

ನಾನು ದಾವಣಗೆರೆಯವಳು. ನಮ್ಮ ಕಾಲೇಜಿನಲ್ಲಿ ಹುಡುಗಿಯರಿಗೆ ಆಟ ಎಂದರೆ ಥ್ರೋಬಾಲ್. ಬಾಸ್ಕೆಟ್‌ಬಾಲ್ ಕಂಬಕ್ಕೆ ನಾವು ದುಪಟ್ಟಾ ನೇತುಹಾಕುತ್ತಿದ್ದೆವು. ಮದುವೆಯಾಗಿ ಬಹ್ರೈನಿಗೆ ಬಂದ ಮೇಲೂ ಇಲ್ಲಿನ ಕನ್ನಡದವರ ಥ್ರೋಬಾಲ್ ಪಂದ್ಯಗಳನ್ನು ಬಿಟ್ಟವಳಲ್ಲ. ಒಂದು ಸಲ ಇದೇ ಹಾಲ್‌ನಲ್ಲಿ ಫೈನಲ್ ನಡೆದಿತ್ತು. ಎದುರಾಳಿಗಳದು ಹನ್ನೊಂದು ಪಾಯಿಂಟ್ ಎಂದರು ಅಂಪೈರು. ಹನ್ನೆರಡು ಎಂದೆ ನಾನು. ಅವರು ಒಪ್ಪಲಿಲ್ಲ. ಬ್ಯಾಗಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಯಾವ ಪಾಯಿಂಟ್ ಯಾರ ಎಸೆತಕ್ಕೆ ಬಂತು ಎಂದು ಒಂದೊಂದಾಗಿ ಓದಿದೆ. ಅಂಪೈರು ತೆಪ್ಪಗಾದರು. ನಾವು ಸೋತೆವು. ನನ್ನ ತಂಡದ ಹೆಂಗಸರು ನನ್ನನ್ನು ಹಸಿಹಸಿಯಾಗಿ ನುಂಗುವ ಹಾಗೆ ನೋಡಿದರು.

ಅಂಗಳ ಖಾಲಿಯಾಗಲಿ ಎಂದು ಕಾಯುತ್ತಿದ್ದ ಎತ್ತರದ ಬಹ್ರೈನಿ ಹೆಂಗಸೊಬ್ಬಳು ಇದನ್ನೆಲ್ಲ ನೋಡಿ ಹತ್ತಿರ ಬಂದಳು. ಅವಳೇ ಮರ್ಯಮ್, ಬಾಸ್ಕೆಟ್‌ಬಾಲ್ ತಂಡದ ನಾಯಕಿ, ಬೆನ್ನ ಮೇಲೆ ಐದನೆಯ ನಂಬರ್. ಇಲ್ಲಿನ ಅನೇಕರ ಹಾಗೆ ಅವಳಿಗೂ ಹಿಂದಿ ಸರಾಗ. ನಾವಿಬ್ಬರೂ ಹಿಂದಿ, ಇಂಗ್ಲಿಷ್ ಬೆರೆಸಿ ಮಾತಾಡಿಕೊಂಡೇ ಗೆಳತಿಯರಾದೆವು.

“ನಿಮ್ಮ ತಂಡ ಸೋಲೋ ಲೆಕ್ಕಾನ ನೀವೇ ಹೇಳಿದಿರಲ್ಲ,” ಎಂದಳು. “ನಮ್ಮ ಮೇಜಿಗೆ ನಿಮ್ಮಂಥವರು ಬೇಕು.”

ನಮ್ಮವರು ತೈಲ ಕಂಪನಿಯಲ್ಲಿ ಇಂಜಿನಿಯರ್, ಮನೆ ಅವಾಲಿಯಲ್ಲಿ. ವಿಷಯ ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತದೆ, “ಅವಾಲಿಯಿಂದ ಈಸಾ ಟೌನಿಗೆ ಹೋಗಿ ಬೇರೆಯವರ ತಪ್ಪು ಬರೀಬೇಕಾ? ಮನೇಲಿ ನನ್ನ ತಪ್ಪು ಬರ್ಕೊಳ್ಳೋದು ಸಾಲ್ದಾ ನಿಂಗೆ?” ಎಂದರು. ಆದರೆ ಮೊದಲ ದಿನ ಕಾರಿನಲ್ಲಿ ಕರೆದುಕೊಂಡು ಹೋದವರೂ ಅವರೇ.

ಮೇಜಿನ ಕೆಲಸ ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಮೊದಲನೆಯದು, ಮೂರನೆಯದು ಕೆಂಪು ಪೆನ್ನಿನಲ್ಲಿ, ಉಳಿದೆರಡು ನೀಲಿಯಲ್ಲಿ. ಯಾರು ಫೌಲ್ ಮಾಡಿದರೂ ಅವರ ಹೆಸರಿನ ಮುಂದೆ ಬರೆದು, ಅದು ಅವರ ಎಷ್ಟನೆಯ ಫೌಲ್ ಎಂಬ ಅಂಕಿಯ ಫಲಕವನ್ನು ಎತ್ತಿ ತೋರಿಸಬೇಕು. ಐದರ ಫಲಕ ಎದ್ದರೆ ಅವಳ ಆಟ ಮುಗಿಯಿತು, ಹೋಗಿ ಬೆಂಚಿನ ಮೇಲೆ ಕೂರಬೇಕು. ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಮೇಜಿನವರು ಯಾರ ಕಡೆಯವರೂ ಅಲ್ಲ. ಚಪ್ಪಾಳೆ ತಟ್ಟುವಂತಿಲ್ಲ, ‘ಅಯ್ಯೋ’ ಅನ್ನುವಂತಿಲ್ಲ.

ನನ್ನ ಪಕ್ಕದಲ್ಲಿ ಹಮೀದಾಕ ಕೂರುತ್ತಿದ್ದರು. ಮಂಗಳೂರಿನ ಹತ್ತಿರದ ಫರಂಗಿಪೇಟೆಯವರು, ಅರವತ್ತರ ಹತ್ತಿರದ ವಯಸ್ಸು, ತಂಡದ ಬಸ್ಸಿನ ಡ್ರೈವರ್. ಹೆಸರು ಹಮೀದ್, ಊರಿನ ಕಡೆಯವರೆಲ್ಲ ಗೌರವದಿಂದ ಹಮೀದಾಕ ಎಂದು ಕರೆಯುತ್ತಿದ್ದರಿಂದ ನನಗೂ ಹಮೀದಾಕ. ಪಂದ್ಯದ ದಿನ ಬಸ್ ನಿಲ್ಲಿಸಿ ಬಂದು, ಚೆಂಡು ಸಿಕ್ಕ ತಂಡ ಎಷ್ಟು ಸೆಕೆಂಡಿನೊಳಗೆ ಎಸೆಯಬೇಕೆಂದು ತೋರಿಸುವ ಗಡಿಯಾರದ ಗುಂಡಿ ಒತ್ತುತ್ತಿದ್ದರು. ನಮ್ಮ ತಂಡದವರು ಚೆಂಡು ಬುಟ್ಟಿಗೆ ಹಾಕಿದಾಗ ಮುಖ ಕಲ್ಲಿನ ಹಾಗೆ ಇಟ್ಟುಕೊಂಡು, ಮೇಜಿನ ಕೆಳಗೆ ಚಪ್ಪಲಿಯಿಂದ ನೆಲ ತಟ್ಟುತ್ತಿದ್ದರು.

“ಕಾಲು ಕಾಣ್ತದೆ ಹಮೀದಾಕ,” ಎಂದರೆ, “ಕಾಲಿಗೆ ರೂಲ್ ಉಂಟಾ ಟೀಚರೇ? ಕೈಗೆ ಮಾತ್ರ ಅಲ್ವಾ?” ಎನ್ನುತ್ತಿದ್ದರು.

ಎರಡು ಸೀಸನ್ ಹಾಗೆ ಕಳೆಯಿತು. ಮೂರನೆಯದು ಶುರುವಾಗುವ ಮೊದಲು, ನೆರಳಿನಲ್ಲಿ ನಿಂತರೂ ಬೆವರು ಕಣ್ಣಿಗಿಳಿಯುವ ಸೆಪ್ಟೆಂಬರಿನಲ್ಲಿ, ಮ್ಯಾನೇಜರ್ ಎಲ್ಲರನ್ನೂ ಅಂಗಳದ ಮಧ್ಯೆ ಕೂರಿಸಿ ಹೇಳಿದರು. ಕಂಪನಿ ದುಬೈಗೆ ಹೋಗುತ್ತಿದೆ. ತಂಡವೂ ಹೋಗುತ್ತದೆ. ಇಲ್ಲಿ ಇದೇ ಕೊನೆಯ ಸೀಸನ್. ಕರಾರಿನವರೆಲ್ಲ ಜೊತೆಗೆ ಹೋಗುವುದು, ಇಲ್ಲಿನ ಇಬ್ಬರು ಹುಡುಗಿಯರಿಗೂ ಕರೆ ಬಂದಿದೆ. ಮರ್ಯಮ್‌ಗೆ ಮೂವತ್ತಾರು ವಯಸ್ಸು. ಬಾ ಎಂದು ಅವಳನ್ನು ಯಾರೂ ಕೇಳಲಿಲ್ಲ.

ಆ ಸಂಜೆ ಅವಳು ನನ್ನ ಮೇಜಿನ ಅಂಚಿನಲ್ಲಿ ಕೂತು ಶೂ ಲೇಸ್ ಬಿಚ್ಚುತ್ತಾ, “ಕೇಳಿದ್ದರೂ ಹೋಗ್ತಿರಲಿಲ್ಲ ಟೀಚರ್. ಮಕ್ಕಳ ಶಾಲೆ ಇಲ್ಲಿದೆ, ನನ್ನ ಊರು ಬುದಯ್ಯ ಇಲ್ಲಿದೆ,” ಎಂದಳು. ಇನ್ನೊಂದು ಶೂ ಕಳಚಿ, “ಆದರೂ ಕೇಳಬಹುದಿತ್ತು,” ಎಂದಳು.

“ಈಗ ಏನ್ಮಾಡ್ತೀಯಾ?”

“ಒಂದೇ ಆಸೆ. ಕೊನೆಯ ಪಂದ್ಯದ ಕೊನೆಯ ಸೀಟಿ ಊದುವಾಗ ನಾನು ಅಂಗಳದ ಒಳಗೆ ಇರಬೇಕು. ಬೆಂಚಿನ ಮೇಲೆ ಕೂತು ಅದನ್ನ ಕೇಳಿಸಿಕೊಳ್ಳಲಾರೆ. ಹದಿನೆಂಟು ವರ್ಷ ಆಡಿದೀನಿ, ಅಷ್ಟು ಸಾಕು ನನಗೆ.”

ನನಗೆ ಅದು ದೊಡ್ಡ ಆಸೆ ಅನ್ನಿಸಲಿಲ್ಲ. ಅಷ್ಟೂ ಸಿಗದಿದ್ದರೆ ದೇವರಿದ್ದೇನು ಪ್ರಯೋಜನ ಎಂದುಕೊಂಡೆ.

ಆ ಸೀಸನ್ನಿನ ಗೆಲುವು ಸೋಲುಗಳು ನನಗೀಗ ನೆನಪಿಲ್ಲ. ನೆನಪಿರುವುದು ಜನವರಿಯ ಒಂದು ಸಂಜೆ. ಬಹ್ರೈನಿನಲ್ಲಿ ಮಳೆ ಎಂದರೆ ನೆಂಟರ ಹಾಗೆ, ಬಂದರೆ ಹೇಳದೆ ಬರುತ್ತದೆ. ಆಟದ ನಡುವೆ ಛಾವಣಿ ಸೋರತೊಡಗಿತು. ಸರಿಯಾಗಿ ಬುಟ್ಟಿಯ ಕೆಳಗೆ ತೊಟ್ಟು ತೊಟ್ಟು ನೀರು. ಎರಡೂ ತಂಡದ ಹುಡುಗಿಯರು ಟವೆಲ್ ಹಿಡಿದು ಮಂಡಿಯೂರಿ ನೆಲ ಒರೆಸಿದರು. ಎಲ್ಲರಿಗಿಂತ ಮುಂದೆ ಮರ್ಯಮ್, ಮನೆಯ ನಡುಮನೆ ಒರೆಸುವಷ್ಟೇ ಅಚ್ಚುಕಟ್ಟಾಗಿ. ಹಮೀದಾಕ ಬಸ್ಸಿನಿಂದ ಬಕೆಟ್ ತಂದಿಟ್ಟರು.

“ಎಂತ ಮಾರಾಯ್ರೆ, ನಮ್ಮ ಊರಲ್ಲಿ ಇದಕ್ಕೆ ಮಳೆ ಅಂತ್ಲೇ ಹೇಳುದಿಲ್ಲ,” ಎಂದು ಗೊಣಗಿದರು. ಆದರೆ ಹೊರಗೆ ಹೋಗಿ ಐದು ನಿಮಿಷ ತಲೆ ಒದ್ದೆ ಮಾಡಿಕೊಂಡು ಬಂದದ್ದನ್ನು ನಾನು ನೋಡಿದೆ.

ರಂಜಾನ್ ತಿಂಗಳಲ್ಲಿ ಪಂದ್ಯಗಳಿರಲಿಲ್ಲ, ಸಂಜೆ ಲಘು ಅಭ್ಯಾಸ ಮಾತ್ರ. ಉಪವಾಸ ಬಿಡುವ ಹೊತ್ತಿಗೆ ಹಾಲ್‌ನ ಮೊಗಸಾಲೆಯಲ್ಲಿ ಬಟ್ಟೆ ಹಾಸಿ ಎಲ್ಲರೂ ಕೂರುತ್ತಿದ್ದರು. ಬುದಯ್ಯದಿಂದ ಮರ್ಯಮ್ ತರುತ್ತಿದ್ದ ಹರೀಸ್, ಅಂದರೆ ಗೋಧಿ, ಮಾಂಸ ಬೇಯಿಸಿ ಕಡೆದದ್ದು. ಸಸ್ಯಾಹಾರಿಯಾದ ನನಗಾಗಿ ಅವಳು ಬೇರೆ ಡಬ್ಬಿಯಲ್ಲಿ ಖರ್ಜೂರ, ಮೊಸರು ಇಡುತ್ತಿದ್ದಳು. ನಾನು ನಮ್ಮೂರಿನ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಕೊಂಡು ಹೋಗುತ್ತಿದ್ದೆ. ತಂಡಕ್ಕೆ ಹೊಸದಾಗಿ ಬಂದಿದ್ದ ಫಿಲಿಪೈನ್ಸ್‌ನ ಗ್ರೇಸ್, ಹದಿನೈದನೆಯ ನಂಬರಿನವಳು, ಎಲ್ಲರಿಗಿಂತ ಚಿಕ್ಕವಳು, ಬಜ್ಜಿಯನ್ನು ಒಮ್ಮೆಗೇ ಬಾಯಿಗೆ ಹಾಕಿಕೊಂಡು ಕಣ್ಣೀರು ಸುರಿಸಿದಳು. ಮರುದಿನ ಬಂದು, “ಇವತ್ತೂ ತಂದಿದೀರಾ?” ಎಂದು ಕೇಳಿದಳು. ಊರು ಬಿಟ್ಟ ಮೇಲೆ ನಾನು ಅಷ್ಟು ನೆಮ್ಮದಿಯಿಂದ ನೆಲದ ಮೇಲೆ ಪಂಕ್ತಿಯಲ್ಲಿ ಕೂತು ತಿಂದದ್ದು ಅಲ್ಲೇ.

ಹಬ್ಬ ಕಳೆದು ಏಪ್ರಿಲ್‌ನಲ್ಲಿ ಕೊನೆಯ ಪಂದ್ಯ. ಶುಕ್ರವಾರ, ಸಂಜೆ ಐದು ಗಂಟೆ. ಅಷ್ಟು ಜನ ಆ ಹಾಲ್‌ನಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. ಮೊದಲ ಸಾಲಿನಲ್ಲಿ ಮರ್ಯಮ್‌ಳ ಇಬ್ಬರು ಹೆಣ್ಣುಮಕ್ಕಳು ಐದನೆಯ ನಂಬರಿನ ಅಂಗಿ ತೊಟ್ಟು ಕೂತಿದ್ದರು. ನಮ್ಮ ಯಜಮಾನರೂ ಬಂದಿದ್ದರು, ಎಲ್ಲರಿಗಿಂತ ಹಿಂದಿನ ಸಾಲಿಗೆ.

ಮೂರನೆಯ ಕ್ವಾರ್ಟರಿನ ಕೊನೆಗೆ ನನ್ನ ತಪ್ಪು ನಡೆಯಿತು. ಬುಟ್ಟಿಯ ಕೆಳಗೆ ಚೆಂಡಿಗಾಗಿ ನಾಲ್ಕೈದು ಜನ ಒಬ್ಬರ ಮೇಲೊಬ್ಬರು ಬಿದ್ದರು. ಸೀಟಿ ಬಿತ್ತು. ಮರ್ಯಮ್ ಪಾದ ಹಿಡಿದುಕೊಂಡು ನೆಲದಲ್ಲಿ ಬಿದ್ದಿದ್ದಳು, ಪಕ್ಕದಲ್ಲಿ ಗ್ರೇಸ್. ವೈದ್ಯೆ ಓಡಿ ಬಂದರು, ಎದುರಿನ ಬೆಂಚಿನವರೂ ಎದ್ದು ನಿಂತರು. ಅವರೆಲ್ಲರ ನಡುವಿನಿಂದ ನನಗೆ ಕಂಡದ್ದು ರೆಫರಿಯ ಎರಡು ಕೈ. ಒಂದು ಮುಷ್ಟಿ, ಇನ್ನೊಂದರಲ್ಲಿ ಐದು ಬೆರಳು. ಮುಷ್ಟಿಯ ಜೊತೆ ಐದು ಬೆರಳು ಎಂದರೆ ಹದಿನೈದು. ಕೆಂಪು ಪೆನ್ನಿನಲ್ಲಿ ಗ್ರೇಸ್ ಹೆಸರಿನ ಮುಂದೆ ಬರೆದು ನಾಲ್ಕರ ಫಲಕ ಎತ್ತಿದೆ. ಅವಳು ಎದೆ ಮುಟ್ಟಿಕೊಂಡು ‘ನಾನಾ?’ ಎಂಬಂತೆ ನನ್ನನ್ನು ನೋಡಿದಳು. ಎಲ್ಲರೂ ಹಾಗೇ ಕೇಳುತ್ತಾರೆ ಎಂದು ನಾನು ಮುಖ ತಿರುಗಿಸಿದೆ. ಐದಾದರೆ ಹುಡುಗಿ ಕೈ ತಪ್ಪುತ್ತಾಳೆಂದು ಕೋಚ್ ಅವಳನ್ನು ಬೆಂಚಿಗೆ ಕರೆದರು. ಮರ್ಯಮ್ ಮೆಲ್ಲಗೆ ಎದ್ದು, ಕುಂಟುತ್ತಾ, ಪಾದಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಹೋದಳು. ಆ ಗಡಿಬಿಡಿಯಲ್ಲಿ ಮೇಜಿನ ಕಡೆ ಅವಳು ನೋಡಲೂ ಇಲ್ಲ, ಪ್ರತಿ ಫೌಲಿಗೂ ಎತ್ತುತ್ತಿದ್ದ ಕೈ ಎತ್ತಲೂ ಇಲ್ಲ.

ಕೊನೆಯ ಕ್ವಾರ್ಟರ್. ಪಟ್ಟಿ ಕಟ್ಟಿದ ಕಾಲಿನಲ್ಲೇ ಮರ್ಯಮ್ ಆಡಿದಳು, ಎಂಟು ಪಾಯಿಂಟ್ ತಂದಳು. ಎರಡು ನಿಮಿಷ ಉಳಿದಾಗ ನಾವು ಒಂದು ಪಾಯಿಂಟ್ ಮುಂದಿದ್ದೆವು. ಆಗ ಎದುರಾಳಿಯೊಬ್ಬಳು ಬುಟ್ಟಿಗೆ ಹಾರಿದಳು, ತಡೆಯಲು ಹೋದ ಮರ್ಯಮ್ ಅವಳ ತೋಳಿಗೆ ಹೊಡೆದಳು. ಸೀಟಿ. ಈ ಸಲ ಅವಳು ಎಂದಿನಂತೆ ಮೇಜಿನ ಕಡೆ ತಿರುಗಿ ಕೈ ಎತ್ತಿದಳು. ರೆಫರಿ ಮೊದಲು ಮುಷ್ಟಿ ಎತ್ತಿದರು. ಮುಷ್ಟಿ ಎಂದರೆ ಫೌಲ್. ಆಮೇಲೆ ಐದು ಬೆರಳು, ಐದನೆಯ ನಂಬರ್.

ನಾನು ನೀಲಿ ಪೆನ್ನಿನಲ್ಲಿ ಬರೆದು ನಾಲ್ಕರ ಫಲಕ ಎತ್ತಿದೆ. ಎತ್ತಿದ ಮೇಲೆ ಮರ್ಯಮ್‌ಳ ಮುಖ ನೋಡಿದೆ. ಅವಳು ಆ ನಾಲ್ಕನ್ನೇ ನೋಡುತ್ತಿದ್ದಳು. ಮೂರನೆಯ ಕ್ವಾರ್ಟರಿನಲ್ಲೂ ನಾನು ಕಂಡದ್ದು ಬರೀ ಫೌಲಿನ ಮುಷ್ಟಿ, ಅದಿನ್ನೂ ಇಳಿದಿರಲಿಲ್ಲ ಅಷ್ಟೆ. ಅದನ್ನು ನಂಬರಿನ ಜೊತೆ ಸೇರಿಸಿ ಹದಿನೈದು ಎಂದು ಓದಿದವಳು ನಾನು. ಆ ಫೌಲ್ ಗ್ರೇಸ್‌ಳದಲ್ಲ, ಮರ್ಯಮ್‌ಳದು. ಈಗಿನದು ನಾಲ್ಕನೆಯದಲ್ಲ, ಐದನೆಯದು.

ಇನ್ನು ಎರಡೇ ನಿಮಿಷ. ಹದಿನೆಂಟು ವರ್ಷ ಆಡಿದವಳು ಕೇಳಿದ್ದು ಕೊನೆಯ ಸೀಟಿಯೊಂದನ್ನು. ರೆಫರಿಗೆ ಗೊತ್ತಿಲ್ಲ, ಎದುರಾಳಿಗಳಿಗೆ ಗೊತ್ತಿಲ್ಲ. ನನ್ನ ಹಾಳೆ ನಾಲ್ಕು ಎನ್ನುತ್ತದೆ, ಹಾಳೆ ಹೇಳಿದ್ದೇ ಸತ್ಯ. ನಾನು ಫಲಕ ಇಳಿಸದ್ದನ್ನು ಕಂಡು ಹಮೀದಾಕ ಹಾಳೆಯತ್ತ ಬಗ್ಗಿದರು. ಕೆಂಪು ಗುರುತಿನ ಮೇಲೆ ನನ್ನ ಬೆರಳಿತ್ತು, ಅವರಿಗೆ ಅರ್ಥವಾಯಿತು.

“ಟೀಚರೇ,” ಎಂದರು ತೀರಾ ಮೆಲ್ಲಗೆ, “ನಾಲ್ಕು ಅಂತ ತೋರಿಸಿ ಆಯ್ತಲ್ಲ. ಇರ್ಲಿ ಬಿಡಿ.”

ಥ್ರೋಬಾಲ್‌ನಲ್ಲಿ ಒಂದು ಪಾಯಿಂಟಿಗಾಗಿ ನನ್ನ ತಂಡವನ್ನೇ ಸೋಲಿಸಿದವಳು ನಾನು. ಆ ಜಂಬವೆಲ್ಲ ಆಗ ಎಲ್ಲಿ ಹೋಗಿತ್ತೋ. ಫಲಕ ಇಳಿಸಲಿಲ್ಲ. ಬಾಯಿ ಬಿಡಲಿಲ್ಲ. ಬೆಂಚಿನ ಮೇಲೆ ಗ್ರೇಸ್ ಮಂಡಿ ಅಲುಗಿಸುತ್ತಾ ಕೂತಿದ್ದು ಕಾಣುತ್ತಿತ್ತು. ಆ ಕಡೆ ನೋಡಲಿಲ್ಲ. ಇರಲಿ, ಇದೊಂದು ಸಲ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ನಿಜ.

ಮರ್ಯಮ್ ಮೊದಲ ಸಾಲಿನ ತನ್ನ ಮಕ್ಕಳ ಕಡೆ ಒಮ್ಮೆ ನೋಡಿದಳು. ಆಮೇಲೆ ಕುಂಟುತ್ತಾ ನೇರ ಮೇಜಿಗೆ ಬಂದಳು.

“ಟೀಚರ್, ಐದು,” ಎಂದಳು. “ನಾನು ಬಿದ್ದಿದ್ದೆನಲ್ಲ, ಆಗಿನ ಫೌಲ್ ನಂದು. ಗ್ರೇಸ್‌ದಲ್ಲ.”

ಅವಳೇ ರೆಫರಿಯನ್ನು ಕರೆದು ಹೇಳಿದಳು. ಅವರು ನೆನಪು ಮಾಡಿಕೊಂಡು ತಲೆಯಾಡಿಸಿದರು. ಹಾಳೆಯಲ್ಲಿ ಕೆಂಪು ಗುರುತನ್ನು ಹೊಡೆದು ಹಾಕಿ, ಸರಿಯಾದ ಜಾಗದಲ್ಲಿ ಬರೆದೆ, ಪಕ್ಕದಲ್ಲಿ ರೆಫರಿ ಸಹಿ ಹಾಕಿದರು. ಮರ್ಯಮ್ ನನ್ನ ಕೈಯಿಂದ ನಾಲ್ಕರ ಫಲಕ ತೆಗೆದು ಮೇಜಿನ ಮೇಲೆ ಮಗುಚಿ ಹಾಕಿದಳು. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಮೇಜಿಗೆ ಎದುರಾಗಿ ನಿಂತು, ಬಲಗೈ ನೆಟ್ಟಗೆ ಮೇಲೆತ್ತಿದಳು. ನಾನು ಐದರ ಫಲಕ ಎತ್ತಿದೆ.

ಇಡೀ ಹಾಲ್ ಎದ್ದು ನಿಂತಿತು. ಎದುರಾಳಿ ಬೆಂಚಿನವರೂ ಎದ್ದರು. ಅಷ್ಟು ಜನರ ಚಪ್ಪಾಳೆಯ ನಡುವೆ ಕೈ ಕಟ್ಟಿ ಕೂತವರು ಮೇಜಿನ ನಾವು ಮಾತ್ರ. ಹಮೀದಾಕ ಈ ಸಲ ಕಾಲನ್ನೂ ತಟ್ಟಲಿಲ್ಲ, ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು.

ಅವಳ ಜಾಗಕ್ಕೆ ಗ್ರೇಸ್ ಹೋದಳು. ಅವಳಿಗೀಗ ನಾಲ್ಕಲ್ಲ, ಮೂರೇ ಫೌಲ್; ಕೋಚ್‌ಗೆ ಅಂಜಿಕೆಯಿರಲಿಲ್ಲ. ಎದುರಾಳಿಗಳು ಆ ಫೌಲಿಗೆ ಸಿಕ್ಕ ಎರಡೂ ಎಸೆತ ಬುಟ್ಟಿಗೆ ಹಾಕಿ ಒಂದು ಪಾಯಿಂಟ್ ಮುಂದಾದರು. ಆಮೇಲೆ ಎರಡೂ ತಂಡಕ್ಕೆ ಒಂದೂ ಪಾಯಿಂಟ್ ಬರಲಿಲ್ಲ. ಕೊನೆಯಲ್ಲಿ ಗ್ರೇಸ್ ಎಸೆದ ಚೆಂಡು ಬುಟ್ಟಿಯ ಅಂಚಿನಲ್ಲಿ ಸುತ್ತಿ ಹೊರಗೆ ಬಿತ್ತು. ಕೊನೆಯ ಸೀಟಿ ಊದುವಾಗ ಮರ್ಯಮ್ ಅಂಗಳದ ಹೊರಗೆ, ಬೆಂಚಿನ ಬಳಿಯಿದ್ದಳು. ಟವೆಲ್ ಕತ್ತಿಗೆ ಹಾಕಿಕೊಂಡು, ಕೂರದೆ ನಿಂತೇ ಇದ್ದಳು.

ಜನ ಕರಗಿದ ಮೇಲೆ ಅವಳ ಬಳಿಗೆ ಹೋದೆ. ಬರಿಗಾಲಿನಲ್ಲಿ ಅಂಗಳದ ಗೆರೆಯ ಮೇಲೆ ಕೂತಿದ್ದಳು. ಮಕ್ಕಳು ಚೆಂಡಿನ ಜೊತೆ ಓಡಾಡುತ್ತಿದ್ದರು.

“ಮರ್ಯಮ್, ನನ್ನಿಂದ ತಪ್ಪಾಯ್ತು,” ಎಂದೆ. “ಬರೆದದ್ದು ಮಾತ್ರ ಅಲ್ಲ. ನೀನು ಬರೋದಕ್ಕೆ ಮೊದಲೇ ನಂಗೆ ಗೊತ್ತಾಗಿತ್ತು. ನಾಲ್ಕು ಅಂತಲೇ ಬಿಟ್ಟುಬಿಡೋಣ ಅಂದ್ಕೊಂಡಿದ್ದೆ.”

“ಗೊತ್ತು. ನಿಮ್ಮ ಕೈ ನೋಡಿದೆ. ಫಲಕ ಇಳಿಸಲೇ ಇಲ್ಲ ನೀವು.”

ನಾನು ತಲೆ ತಗ್ಗಿಸಿದೆ. ಅವಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಈ ವರ್ಷವಿಡೀ ನನಗೆ ‘ಇರು’ ಅಂದವರು ಯಾರೂ ಇಲ್ಲ ಟೀಚರ್,” ಎಂದಳು. “ನೀವೊಬ್ಬರು ಅಂದಿರಿ. ಸುಳ್ಳು ಲೆಕ್ಕದಲ್ಲಾದರೂ ಅಂದಿರಿ. ನನಗೆ ಅದು ಸಾಕು.”

ಅಲ್ಲೇ ಕೂತು ಅತ್ತೆ. ಅವಳೂ ಅತ್ತಳು, ನಡುನಡುವೆ ನಕ್ಕಳು. ನನ್ನ ಕೈಯಿಂದ ಅವತ್ತು ಸುಳ್ಳು ನಡೆಯದ ಹಾಗೆ ನೋಡಿಕೊಂಡದ್ದಕ್ಕೆ ಅವಳಿಗೆ ನಾನು ಥ್ಯಾಂಕ್ಸ್ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಸ್ಕೋರ್ ಹಾಳೆಗೆ ಮೂರು ಪ್ರತಿ. ಹಳದಿ ಬಣ್ಣದ್ದು ಸೋತವರಿಗೆ. ನಮ್ಮ ಪ್ರತಿ ಪಡೆಯಲು ತಂಡದ ಆಫೀಸಿನಲ್ಲಿ ಯಾರೂ ಉಳಿದಿರಲಿಲ್ಲ, ಎಲ್ಲ ಪೆಟ್ಟಿಗೆಗೆ ಸೇರಿತ್ತು. ಮರ್ಯಮ್ ಅದನ್ನು ನನಗೇ ಕೊಟ್ಟಳು. ಇನ್ನೂ ಅವಾಲಿಯ ಮನೆಯಲ್ಲಿದೆ, ಮಡಿಕೆಯಲ್ಲಿ ಮಾಸಿದೆ. ಹೊಡೆದು ಹಾಕಿದ ಗುರುತು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ವಾರ ಹಮೀದಾಕ ತಂಡವನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದರು. ಖಾಲಿ ಬಸ್ಸಿನಲ್ಲಿ ವಾಪಸ್ ಬರುವಾಗ ಹಿಂದಿನ ಸೀಟು ಕಾಣುವ ಕನ್ನಡಿ ನೋಡಲಿಲ್ಲವಂತೆ. ಅವರು ಈಗ ನಮ್ಮ ಶಾಲೆಯ ಬಸ್ಸಿನಲ್ಲಿದ್ದಾರೆ. ಮರ್ಯಮ್ ಬುದಯ್ಯದಲ್ಲಿ ಶನಿವಾರ ಬೆಳಗ್ಗೆ ಹುಡುಗಿಯರಿಗೆ ಆಟ ಕಲಿಸುತ್ತಾಳೆ ಎಂದು ಗೊತ್ತಿತ್ತು. ಯಾವ ಶಾಲೆಯ ಹುಡುಗಿಯರು ಎಂದು ನಾನು ಕೇಳಿರಲಿಲ್ಲ.

ಕಳೆದ ತಿಂಗಳ ಪಂದ್ಯ ಮುಗಿದ ಮೇಲೆ ಎರಡು ಜಡೆಯವಳನ್ನು ಕರೆದೆ. “ಕೈ ಎತ್ತಬೇಕು ಅಂತ ಯಾರು ಹೇಳಿಕೊಟ್ಟದ್ದು?”

“ಕೋಚ್ ಮರ್ಯಮ್,” ಎಂದಿತು ಮಗು ಇಂಗ್ಲಿಷಿನಲ್ಲಿ. “ನಮ್ಮ ತಪ್ಪನ್ನ ಬರೆಯೋರು ಹುಡುಕೋ ಹಾಗೆ ಮಾಡಬಾರದಂತೆ.”

ಬಸ್ ಹತ್ತಿ ಹಮೀದಾಕನ ಹಿಂದಿನ ಸೀಟಿನಲ್ಲಿ ಕೂತು ಮರ್ಯಮ್‌ಗೆ ಫೋನ್ ಮಾಡಿದೆ. ಅವರೂ ಕೇಳಿಸಿಕೊಳ್ಳಲಿ ಎಂದು ಸ್ಪೀಕರ್ ಹಾಕಿದೆ.

“ನಿನ್ನ ಹುಡುಗಿಯೊಬ್ಬಳು ಇವತ್ತು ನಂಗೆ ಕೈ ಎತ್ತಿದಳು.”

“ಎಷ್ಟನೇ ಫೌಲ್?” ಎಂದು ಕೇಳಿದಳು.

“ಮೊದಲನೇದು.”

“ಹಾಗಾದರೆ ಇನ್ನೂ ತುಂಬಾ ಕಾಲ ಆಡ್ತಾಳೆ ಬಿಡಿ,” ಎಂದಳು ಮರ್ಯಮ್.